ಗಡಿಕಲ್ಲಿನಿಂದ ಈಚೆಗೆ ಮೂರು ಹೆಜ್ಜೆ

ಈ ಬಸ್ಸು ತಪ್ಪಿಹೋದರೆ ಏನು ಮುಳುಗಿಹೋಗುತ್ತದೆ? ನಾಳೆ ಇನ್ನೊಂದು ಬಸ್ಸಿದೆ. ಆದರೆ ನಾಳೆಯೂ ಇದೇ ಪ್ರಶ್ನೆ ಎದ್ದರೆ? ದಾಕ್ಷಾಯಣಮ್ಮ ಕಡೂರಿನಿಂದ ಆಗಲೇ ಹೊರಟಿರುತ್ತಾರೆ. ಹನ್ನೊಂದಕ್ಕೆ ತರೀಕೆರೆಯ ನೋಂದಣಿ ಕಚೇರಿಯಲ್ಲಿ ಅವರು ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ, ತಾನು ರುಜು ಹಾಕುತ್ತಾನೆ, ಮೊಹರು ಬೀಳುತ್ತದೆ. ಮೊಹರು ಬಿದ್ದ ಮೇಲೆ ಅವ್ವ ಎಷ್ಟು ದಿನ? ಒಂದು ದಿನವೇ? ಅಥವಾ ತಾನು ಅಜ್ಜಂಪುರಕ್ಕೆ ವಾಪಸು ಬರುವಷ್ಟು ಹೊತ್ತೂ ಇಲ್ಲವೇ?

ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಎರಡು ಸಲ ಸೀಟಿ ಊದಿದ. ಓಂಕಾರಮೂರ್ತಿ ಕಾಗದಗಳ ಚೀಲವನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು ಅವನು. ಕಾಗದಕ್ಕೂ ಪ್ರಾಣಕ್ಕೂ ಸಂಬಂಧವಿಲ್ಲ ಎಂದು ತರಗತಿಯಲ್ಲಾದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದ. ಆದರೆ ಕಳೆದ ಎಂಟು ತಿಂಗಳಲ್ಲಿ ಅವನ ಮನೆಯ ನಡುಮನೆಯಲ್ಲಿ ನಡೆದದ್ದು ಯಾವ ತರಗತಿಗೂ ಹೊಂದುವಂಥದ್ದಾಗಿರಲಿಲ್ಲ.

ಎಲ್ಲವೂ ಶುರುವಾದದ್ದು ಬಾಡಿಗೆ ಮನೆಯ ಯಜಮಾನಿಯ ಒಂದು ಮಾತಿನಿಂದ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆಷಾಢದಲ್ಲಿ ಅವನ ತಾಯಿ ತೀರ್ಥಮ್ಮ ಮಂಚ ಹಿಡಿದರು. ಬೀರೂರಿನಿಂದ ಬಂದು ನೋಡಿದ ಡಾಕ್ಟರು, ಹದಿನೈದು ದಿನ ಅನ್ನಿ, ಬೇಕಿದ್ದವರಿಗೆಲ್ಲ ಹೇಳಿ ಕಳಿಸಿ ಎಂದು ಹೋದರು. ಡಾಕ್ಟರ ಸ್ಕೂಟರಿನ ಸದ್ದು ಬೀದಿಯ ಕೊನೆ ಮುಟ್ಟುವ ಮೊದಲೇ ಮನೆಯ ಯಜಮಾನಿ ಜಯಲಕ್ಷ್ಮಮ್ಮ ಬಾಗಿಲಿಗೆ ಬಂದರು. ಕೆಟ್ಟವರಲ್ಲ. ಅವ್ವನಿಗೆ ದಿನಾ ಗಂಜಿ ಕಳಿಸುತ್ತಿದ್ದವರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತು ಕೊನೆಗೆ ಹೇಳಿದರು:

"ಬೇಜಾರು ಮಾಡ್ಕಬ್ಯಾಡಿ ಮೇಷ್ಟ್ರೇ. ನಕ್ಷತ್ರ ಚೆನ್ನಾಗಿಲ್ದಿರೋ ದಿನ ಏನಾದ್ರೂ ಆಗೋದ್ರೆ, ಆರು ತಿಂಗಳು ಬಾಗಿಲು ಹಾಕ್ಬೇಕು. ನಾವು ಎಲ್ಲಿಗೆ ಹೋಗಾಣ ಹೇಳಿ?"

ಅದೆಲ್ಲ ನಮ್ಮವರಿಗಿಲ್ಲ ಎಂದು ಮಠದ ಸ್ವಾಮಿಗಳು ಎಷ್ಟೋ ಸಲ ಹೇಳಿದ್ದರು. ಊರು ತಲೆಯಾಡಿಸಿ ಕೇಳಿಸಿಕೊಂಡು ಬಂದು, ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೆಗಳಿಗೆ ಬೀಗ ಹಾಕುತ್ತಲೇ ಇತ್ತು. ಓಂಕಾರಮೂರ್ತಿ ವಾದ ಮಾಡಲಿಲ್ಲ. ಮಂಚದ ಮೇಲಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಪ್ಪತ್ತಮೂರಕ್ಕೆ ವಿಧವೆಯಾಗಿ, ಸಿಂಗಟಗೆರೆಯಲ್ಲಿ ಅಣ್ಣನ ಮನೆಯ ಹಿತ್ತಲಕೋಣೆಯಲ್ಲಿ ಇಪ್ಪತ್ತು ವರ್ಷ, ಆಮೇಲೆ ಮಗನ ಕೆಲಸದ ಊರುಗಳಲ್ಲಿ ಬಾಡಿಗೆ ಮನೆಗಳು. ಯಾವ ಹೊಸಿಲಿಗೂ ತಮ್ಮದೆಂದು ಅರಿಸಿನ ಹಚ್ಚಿದವರಲ್ಲ. ಆ ದಿನ ಮಗನನ್ನು ಹತ್ತಿರ ಕರೆದು, ಸಾಯೋಕಾದ್ರೂ ನಂದು ಅಂತ ಒಂದು ನೆಲ ಬೇಕು ಕಣೋ ಎಂದರು. ಬೇರೆ ಏನನ್ನೂ ಅವರು ಎಂದೂ ಕೇಳಿದ್ದಿಲ್ಲ.

ಕೋಟೆ ಬೀದಿಯಲ್ಲಿ ಮನೆಯೊಂದು ಮಾರಾಟಕ್ಕಿತ್ತು. ಅದರ ಯಜಮಾನ ಷಣ್ಮುಖಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಅವನ ಹೆಂಡತಿ ದಾಕ್ಷಾಯಣಮ್ಮ ಕಡೂರಿನಲ್ಲಿ ತಮ್ಮನ ಮನೆಯಲ್ಲಿದ್ದರು. ಕರಾರು ಬರೆದದ್ದಾಯಿತು. ವಿಷಯ ಕೇಳಿ ದಾಕ್ಷಾಯಣಮ್ಮ ಬೀಗದ ಕೈಯನ್ನೂ ಆವತ್ತೇ ಕೊಟ್ಟುಬಿಟ್ಟರು. ಕ್ರಯಪತ್ರ ಹೇಗೂ ವಾರದೊಳಗೆ ಆಗುತ್ತದಲ್ಲ, ಅವ್ವನನ್ನು ಕರೆದುಕೊಂಡು ಹೋಗಿ ಎಂದರು. ಶ್ರಾವಣದ ಮೊದಲ ಸೋಮವಾರ ನಾಲ್ಕು ಜನ ಮಂಚವನ್ನೇ ಎತ್ತಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದರು. ತೀರ್ಥಮ್ಮ ತೊಲೆಗಳನ್ನು ನೋಡಿದರು, ಕಂಬಗಳನ್ನು ನೋಡಿದರು, ಮೇಲಿನ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದಿದ್ದ ಬಿಸಿಲಿನ ಚೌಕವನ್ನು ನೋಡಿದರು.

"ಪತ್ರ ಆಯ್ತೇನೋ?"

"ಇನ್ನೊಂದು ವಾರ ಅವ್ವಾ."

"ಹಂಗಾರೆ ಇನ್ನೊಂದು ವಾರ ಇರ್ತೀನಿ ಬಿಡು. ಬ್ಯಾರೇರ ಮನೇಲಿ ಸಾಯಾಕಿಲ್ಲ."

ಹಾಗೆಂದು ನಕ್ಕರು. ಆಗ ಎಲ್ಲರೂ ನಕ್ಕರು.

ವಾರ ಕಳೆಯಿತು, ಪತ್ರವಾಗಲಿಲ್ಲ. ಮನೆಯ ಖಾತೆ ಇನ್ನೂ ಷಣ್ಮುಖಪ್ಪನ ಹೆಸರಿನಲ್ಲೇ ಇತ್ತು. ಅದು ಹೆಂಡತಿಯ ಹೆಸರಿಗೆ ಬರದೆ ಅವರು ಮಾರುವಂತಿಲ್ಲ. ಬರಬೇಕಾದರೆ ಷಣ್ಮುಖಪ್ಪ ಸತ್ತದ್ದಕ್ಕೆ ದಾಖಲೆ ಬೇಕು. ಸುಲಭದ ಕೆಲಸವೆಂದುಕೊಂಡು ಓಂಕಾರಮೂರ್ತಿ ಅಜ್ಜಂಪುರದ ಮರಣದ ರಿಜಿಸ್ಟರು ತೆಗೆಸಿದ. ಹೆಸರಿರಲಿಲ್ಲ. ಆತ ಊರಲ್ಲಿ ಸತ್ತಿದ್ದಲ್ಲವಲ್ಲ, ಕಡೂರಿನ ಆಸ್ಪತ್ರೆಗೆ ಗಾಡಿಯಲ್ಲಿ ಸಾಗಿಸುವಾಗ ದನ ಮೇಯುವ ಕಾವಲಿನ ಹತ್ತಿರ ದಾರಿಯಲ್ಲಿ ಪ್ರಾಣ ಹೋಯಿತಲ್ಲ ಎಂದು ಜನ ನೆನಪು ಮಾಡಿದರು. ಅವನು ಕಡೂರಿಗೆ ಹೋದ. ಅಲ್ಲಿಯೂ ಇರಲಿಲ್ಲ. ಹೆಣ ನಮ್ಮ ಎಲ್ಲೆಗೆ ಬರಲೇ ಇಲ್ಲ, ಗಡಿಕಲ್ಲಿನಿಂದಲೇ ಗಾಡಿ ತಿರುಗಿಸಿದರಂತೆ, ನಾವು ಹೇಗೆ ಬರೆಯೋಣ ಎಂದರು. ಕಾವಲಿನಲ್ಲಿ ತರೀಕೆರೆ ತಾಲ್ಲೂಕು ಮುಗಿದು ಕಡೂರು ತಾಲ್ಲೂಕು ಶುರುವಾಗುವ ಕಡೆ ಒಂದು ಕಲ್ಲು ನಿಲ್ಲಿಸಿದೆ. ಕಲ್ಲಿನ ಆಚೆಯವರು ಈಚೆ ಎಂದರು, ಈಚೆಯವರು ಆಚೆ ಎಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಂಬತ್ತು ವರ್ಷದ ಕೆಳಗೆ ಹೂತು, ಮೇಲೆ ಕಲ್ಲುಚಪ್ಪಡಿ ಎಳೆದಿದ್ದ ಮನುಷ್ಯ ಎರಡು ತಾಲ್ಲೂಕಿನ ಲೆಕ್ಕದಲ್ಲೂ ಬದುಕಿದ್ದ.

ಬದುಕಿದ್ದವರಿಗೆ ಬರುವುದೆಲ್ಲ ಅವನಿಗೂ ಬರುತ್ತಿತ್ತು. ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಷಣ್ಮುಖಪ್ಪನ ಹೆಸರಿಗೆ ಮನೆಕಂದಾಯದ ನೋಟೀಸು ಬಂತು. ಓಂಕಾರಮೂರ್ತಿ ಅದನ್ನು ಹಿಡಿದುಕೊಂಡು ನಡುಮನೆ ದಾಟುತ್ತಿದ್ದಾಗ ಅವ್ವ ಕಣ್ಣು ಬಿಟ್ಟರು.

"ಅವರ ಕಾಗದ ಅವರಿಗೆ ಕೊಡೋ. ಅಲ್ಲೇ ಕುಂತವ್ರಲ್ಲ."

"ಯಾರವ್ವಾ?"

"ಇನ್ಯಾರು, ಯಜಮಾನ್ರು." ಅವ್ವ ಬಿಸಿಲಿನ ಚೌಕದ ಪಕ್ಕದ ಕಂಬದ ಕಡೆಗೆ ಗಲ್ಲ ಎತ್ತಿ ತೋರಿಸಿದರು. "ಈ ಬಿಸಿಲಾಗೂ ಶಾಲು ಹೊದ್ಕಂಡವ್ರೆ, ಪಾಪ."

ಕಂಬದ ಬುಡದಲ್ಲಿ ಏನೂ ಇರಲಿಲ್ಲ. ಜ್ವರದ ಗುಂಗು ಎಂದುಕೊಂಡ. ಮುಟ್ಟಿ ನೋಡಿದರೆ ಹಣೆ ತಣ್ಣಗಿತ್ತು. ಆಮೇಲೆ ಅದು ದಿನನಿತ್ಯದ ಮಾತಾಯಿತು. ಬಿಸಿಲಿನ ಚೌಕ ಸರಿದಂತೆ ಆ ಮನುಷ್ಯನೂ ಸರಿದು ಕೂರುತ್ತಾನೆ ಎನ್ನುತ್ತಿದ್ದರು. ಹೆಚ್ಚು ಮಾತಿಲ್ಲವಂತೆ. ಎಲ್ಲಿ ಇಳಿಯಬೇಕೋ ಯಾರೂ ಹೇಳಲಿಲ್ಲ ಅನ್ನುತ್ತಾನಂತೆ, ಅಷ್ಟೆ. ಓಂಕಾರಮೂರ್ತಿಯ ಹೆಂಡತಿ ಮಲ್ಲಿಕಾಂಬ ಮೊದಮೊದಲು ಅತ್ತೆಯನ್ನು ಛೇಡಿಸುತ್ತಿದ್ದಳು. ಯಜಮಾನರಿಗೂ ಒಂದು ಲೋಟ ಕಾಫಿ ಮಾಡಲೇನು ಅತ್ತೆ ಎಂದು ಕೇಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅವಳು ಅಡುಗೆಮನೆಗೆ ಹೋಗುವಾಗ ನಡುಮನೆಯ ಗೋಡೆ ಸವರಿಕೊಂಡು, ಕಂಬದಿಂದ ದೂರವಾಗಿ ನಡೆಯತೊಡಗಿದ್ದಳು. ಯಾಕೆಂದು ಅವನು ಕೇಳಲಿಲ್ಲ. ತಾನೂ ಹಾಗೆಯೇ ನಡೆಯುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

ಇಷ್ಟರಲ್ಲಿ ಡಾಕ್ಟರು ಹೇಳಿದ ಹದಿನೈದು ದಿನ ಐದು ತಿಂಗಳಾಗಿತ್ತು. ಅವ್ವ ಅನ್ನ ಬಿಟ್ಟಿದ್ದರು. ದಿನಕ್ಕೆ ನಾಲ್ಕು ಚಮಚ ನೀರು, ಅದರಲ್ಲೂ ಎರಡು ಹೊರಗೇ ಚೆಲ್ಲುತ್ತಿತ್ತು. ಮತ್ತೆ ಬಂದ ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಕೂತರು. ಏನು ಕೊಡುತ್ತಿದ್ದೀರಿ ಇವರಿಗೆ ಎಂದು ಕೇಳಿದರು. ಏನೂ ಇಲ್ಲ ಎಂದ. ಅವರು ಚೀಲ ಮುಚ್ಚಿ, ಕೈ ತೊಳೆದುಕೊಳ್ಳದೆ ಹೊರಟುಹೋದರು.

ಸಂಕ್ರಾಂತಿ ಮುಗಿದ ಮೇಲೆ ಓಂಕಾರಮೂರ್ತಿ ಕಡೂರಿಗೆ ಹೋಗಿ ದಾಕ್ಷಾಯಣಮ್ಮನವರ ಮುಂದೆ ಕೂತ. ಕಚೇರಿಯಲ್ಲಿ ಒಂದು ದಾರಿ ಹೇಳಿದ್ದರು: ಸತ್ತ ಜಾಗದಲ್ಲಿ ಊರಿನ ಐದು ಜನ ಪಂಚರ ಮುಂದೆ ಮಹಜರು ಬರೆಸಿ. ಹೆಂಡತಿ ಜಾಗ ತೋರಿಸಬೇಕು, ಕಲ್ಲಿನ ಆಚೆಯೋ ಈಚೆಯೋ ಖಚಿತವಾಗಬೇಕು. ಅವನು ಅದನ್ನೇ ಕೇಳಿದ. ಆಚೆಯೋ, ಈಚೆಯೋ?

ದಾಕ್ಷಾಯಣಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು. ತಮ್ಮನ ಹೆಂಡತಿ ಒಳಗೆ ಹೋಗುವ ತನಕ ಸುಮ್ಮನಿದ್ದರು.

"ಎರಡೂ ಅಲ್ಲ ಮೇಷ್ಟ್ರೇ. ನಡುಮನೇಲಿ."

ಆಮೇಲೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಮಗಳ ಮದುವೆಗೆ ಹದಿನೆಂಟು ದಿನ ಉಳಿದಿತ್ತು. ಚಪ್ಪರದ ಗಳುಗಳು ಬಂದು ಬಿದ್ದಿದ್ದವು. ಬೆಳಗಿನ ಹೊತ್ತು ಷಣ್ಮುಖಪ್ಪ ಕಂಬಕ್ಕೆ ಒರಗಿ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ. ಅತ್ತೆ ಪಂಚಾಂಗ ತೆಗೆಸಿದರು. ನಕ್ಷತ್ರ ಕೆಟ್ಟದ್ದು. ಆರು ತಿಂಗಳು ಬಾಗಿಲು ಹಾಕಿದರೆ ಮದುವೆ ಎಲ್ಲಿ ಮಾಡುವುದು, ಗಂಡಿನ ಕಡೆಯವರು ಆ ಮನೆಯ ಹೆಣ್ಣನ್ನು ಒಪ್ಪುತ್ತಾರೆಯೇ? ಅತ್ತೆ ಅಳಲಿಲ್ಲ. ಗಾಡಿ ಕಟ್ಟಿಸಿದರು. ಮಗನಿಗೆ ಶಾಲು ಹೊದಿಸಿ, ಕತ್ತು ವಾಲದಂತೆ ದಿಂಬು ಕೊಟ್ಟು ಕೂರಿಸಿದರು. ಪಕ್ಕದಲ್ಲಿ ಸೊಸೆಯನ್ನು ಕೂರಿಸಿ ಕಿವಿಯಲ್ಲಿ ಒಂದು ಮಾತು ಹೇಳಿದರು: ಬೀದೀಲಿ ಜನ ನೋಡ್ತಾರೆ, ಮಾತಾಡಿಸ್ತಾ ಹೋಗು.

"ಮಾತಾಡಿಸ್ತಾ ಹೋದೆ," ಎಂದರು ದಾಕ್ಷಾಯಣಮ್ಮ. "ಶಾಲು ಸರಿಯಾಗಿ ಹೊದ್ಕಳಿ, ಗಾಳಿ ಬೀಸ್ತದೆ ಅಂದೆ. ಇನ್ನೇನು ಆಸ್ಪತ್ರೆ ಬಂತು ಅಂದೆ. ಬೀದಿ ಮುಗೀತು, ಊರು ಮುಗೀತು, ಆದ್ರೂ ನಿಲ್ಸಕ್ಕಾಗ್ಲಿಲ್ಲ ಕಣ್ರೀ. ಕಲ್ಲಿನ ತಾವ ಅತ್ತೆ ಗಾಡಿ ನಿಲ್ಸಿ, ಈಗ ಅಳು ಅಂದ್ರು. ನಂಗೆ ಅಳು ಬರ್ಲಿಲ್ಲ. ಎಲ್ಲಿ ಇಳೀಬೇಕು ಅಂತ ನಮ್ಮನೆಯವ್ರೇ ಕೇಳ್ದಂಗಾಯ್ತು."

ಓಂಕಾರಮೂರ್ತಿ ಮನಸ್ಸಿನಲ್ಲೇ ತಿಂಗಳು ಎಣಿಸಿದ. ಶಾಲಿನ ವಿಷಯವನ್ನು ಅವ್ವ ಹೇಳಿ ಆಗಲೇ ಐದು ತಿಂಗಳಾಗಿತ್ತು. ಆ ಸಾವಿಗೆ ಬಾಗಿಲು ಹಾಕಬೇಕಾಗಿದ್ದ ಮನೆ ಆಗ ಒಂದು ದಿನವೂ ಬಾಗಿಲು ಹಾಕಿರಲಿಲ್ಲ.

ನಿಜ ಬರೆಸಿದರೆ ಕೆಲಸ ಸಲೀಸು. ಸತ್ತದ್ದು ಅಜ್ಜಂಪುರದಲ್ಲಿ, ರಿಜಿಸ್ಟರು ಅಲ್ಲಿಯದೇ. ಆದರೆ ಪಂಚರೆಂದರೆ ಊರು. ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ. ಮಲ್ಲಿಕಾಂಬ ಆ ಮನೆಯಲ್ಲಿ ಒಂದು ದಿನವೂ ನಿಲ್ಲಲಾರಳು. ಅವ್ವನ ಮಂಚವನ್ನು ಮತ್ತೆ ಎತ್ತಬೇಕು. ಎಲ್ಲಿಗೆ? ದಾಕ್ಷಾಯಣಮ್ಮನ ಮಗಳು ಈಗ ಎರಡು ಮಕ್ಕಳ ತಾಯಿ, ಅವಳ ಗಂಡನ ಮನೆಯವರಿಗೂ ಮಾತು ಮುಟ್ಟುತ್ತದೆ. ಕೊನೆಗೆ ದಾಕ್ಷಾಯಣಮ್ಮ, ಈಚೆಗೆ ಅಂತಲೇ ತೋರಿಸ್ತೀನಿ ಬಿಡಿ ಎಂದರು. ಅವನು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದುಬಂದ.

ಮಾಘದ ಒಂದು ಮಧ್ಯಾಹ್ನ ಕಾವಲಿನಲ್ಲಿ ಮಹಜರು ನಡೆಯಿತು. ನೆತ್ತಿಯ ಮೇಲೆ ಸೂರ್ಯ, ಯಾರಿಗೂ ಮರದ ನೆರಳಿರಲಿಲ್ಲ. ಪಂಚರಲ್ಲಿ ಹಿರಿಯನಾದ ಕರಿಸಿದ್ದಪ್ಪ ಹುಲ್ಲಿನ ಮೇಲೆ ಟವಲು ಹಾಸಿ ಕೂತು, ಬದುಕಿದ್ದಾಗ ಒಂದು ದಿನ ಒಂದು ಕಡೆ ನಿಲ್ಲದ ಆಸಾಮಿ, ಸತ್ತ ಮೇಲೂ ನಮ್ಮನ್ನ ಓಡಾಡುಸ್ತಾವ್ನಲ್ಲಪ್ಪ ಎಂದ. ಉಳಿದವರು ನಕ್ಕರು. ಅಧಿಕಾರಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: ಯಾವ ಜಾಗ ತಾಯೀ?

ದಾಕ್ಷಾಯಣಮ್ಮ ಗಡಿಕಲ್ಲಿನ ಪಕ್ಕ ನಿಂತರು. ಅಲ್ಲಿಂದ ಅಜ್ಜಂಪುರದ ಕಡೆಗೆ ಮೂರು ಹೆಜ್ಜೆ ಎಣಿಸಿ ನಡೆದು, ನೆಲ ತೋರಿಸಿದರು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಮೆಲ್ಲಗೆ ಒಂದು ಮಾತು ಹೇಳಿದರು. "ಇಲ್ಲೇ ಇಳೀರಿ."

ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಊರಿನ ಕಡೆಯ ಇಳಿಜಾರಿನಲ್ಲಿ ಅಮೃತಮಹಲಿನ ದನಗಳು ಮೇಯುತ್ತಿದ್ದವು, ನೂರಿದ್ದಾವು. ಓಂಕಾರಮೂರ್ತಿ ಸುಮ್ಮನೆ ಅತ್ತ ನೋಡಿದ. ಮಂದೆಯ ತುದಿಯಲ್ಲಿದ್ದ ಹಸುವೊಂದು ತಲೆಯೆತ್ತಿತು. ಅದರ ಹಿಂದಿನದೂ ಎತ್ತಿತು. ಆಮೇಲೆ ಒಂದೊಂದಾಗಿ ಎಲ್ಲವೂ ಮೇವು ಬಿಟ್ಟು ಆ ಕಡೆಗೊಂದು ಈ ಕಡೆಗೊಂದು ಸರಿದು ನಿಂತವು. ಊರಿನ ದಿಕ್ಕಿನಿಂದ ಕಲ್ಲಿನ ತನಕ, ಒಬ್ಬ ಮನುಷ್ಯ ನಡೆದುಬರುವಷ್ಟು ಅಗಲದ ದಾರಿಯೊಂದು ಮಂದೆಯ ನಡುವೆ ಬಿಟ್ಟುಕೊಂಡಿತು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದನಗಳು ಮತ್ತೆ ತಲೆ ತಗ್ಗಿಸಿ ಕೂಡಿಕೊಂಡವು. ಕರಿಸಿದ್ದಪ್ಪ ನಗು ನಿಲ್ಲಿಸಿ, ಬೇಗ ರುಜು ಹಾಕಿಸಿಕೊಳ್ಳಿ ಸ್ವಾಮಿ, ಹೊರಡಾಣ ಎಂದ.

ಮನೆಗೆ ಬಂದಾಗ ಅವ್ವ ಕಂಬದ ಕಡೆಗೆ ಮುಖ ಮಾಡಿ ಮಲಗಿದ್ದರು.

"ಹೋದ್ರು ಕಣೋ. ನೆತ್ತಿ ಮ್ಯಾಲೆ ಹೊತ್ತು ಬಂದಾಗ ಎದ್ರು. ಇಳಿಯೋ ಜಾಗ ಸಿಕ್ತಂತೆ." ಉಸಿರು ಎಳೆದುಕೊಂಡು ಮುಂದುವರಿಸಿದರು. "ಅವರ ಕಾಗದ ಆಯ್ತು. ಇನ್ನು ನಂದೊಂದು."

ಮಹಜರಿನ ಮೇಲೆ ಖಾತೆ ದಾಕ್ಷಾಯಣಮ್ಮನ ಹೆಸರಿಗೆ ಬಂತು. ಅವ್ವನ ಆ ಮಾತನ್ನು ಹೊತ್ತುಕೊಂಡೇ ಅವನು ಈ ದಿನ, ಯುಗಾದಿಗೆ ನಾಲ್ಕು ದಿನ ಮುಂಚೆ, ಬಸ್ ನಿಲ್ದಾಣದಲ್ಲಿ ನಿಂತಿದ್ದ. ಎಂಟು ತಿಂಗಳು ಶಪಿಸಿದ ವಿಳಂಬವೇ ಅವ್ವನನ್ನು ಹಿಡಿದುಕೊಂಡಿತ್ತೆಂದು ಈಗ ಅನ್ನಿಸುತ್ತಿತ್ತು. ಬಸ್ಸು ಹೊರಟಿತು. ಹತ್ತು ಮಾರು ಹೋಗಿದ್ದ ಅದನ್ನು ಅವನು ಓಡಿಹೋಗಿ ಹತ್ತಿದ. ಕಡೂರಿನಿಂದ ಬಂದ ಮುದುಕಿಯೊಬ್ಬರು ಕಚೇರಿಯ ಜಗಲಿಯ ಮೇಲೆ ಕಾಯುತ್ತಿರುತ್ತಾರೆಂಬ ಸಂಕೋಚ ಅವನನ್ನು ಹತ್ತಿಸಿತೇ ಹೊರತು ಬೇರೆ ಧೈರ್ಯವೇನೂ ಅಲ್ಲ.

ತರೀಕೆರೆಯಲ್ಲಿ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಮೊಹರು ಬಿದ್ದ ಸದ್ದಿಗೆ ಅವನು ಗಡಿಯಾರ ನೋಡಿದ. ವಾಪಸು ಬರುವ ಬಸ್ಸಿನಲ್ಲಿ ಪ್ರತಿ ನಿಲ್ದಾಣದಲ್ಲೂ ಯಾರಾದರೂ ತನ್ನನ್ನು ಹುಡುಕಿಕೊಂಡು ಹತ್ತುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಿದ್ದ. ಯಾರೂ ಹತ್ತಲಿಲ್ಲ. ಮನೆಯ ಮುಂದೆ ಜನವಿರಲಿಲ್ಲ. ಅವ್ವ ಎಚ್ಚರವಾಗಿದ್ದರು.

"ಪತ್ರ ಆಯ್ತೇನೋ?"

ಎಪ್ಪತ್ತು ವರ್ಷದ ಬದುಕಿನಲ್ಲಿ ಅವರು ಕೇಳಿದ್ದ ಒಂದೇ ಒಂದು ವಸ್ತು ಅವನ ಚೀಲದಲ್ಲಿತ್ತು. ಅದನ್ನು ತೆಗೆದು ಆ ಒಣಗಿದ ಕೈಗೆ ಇಟ್ಟರೆ ಆಗಿತ್ತು.

"ಇನ್ನೊಂದು ರುಜು ಬಾಕಿ ಐತೆ ಅವ್ವಾ."

ಅವ್ವ ಕಣ್ಣು ಮುಚ್ಚಿ, ಹಂಗಾರೆ ಇರ್ತೀನಿ ಬಿಡು ಎಂದರು.

ಇದ್ದರು. ಯುಗಾದಿ ಹೋಯಿತು, ಇನ್ನೊಂದು ಶ್ರಾವಣ ಬಂತು. ವಾರಕ್ಕೊಮ್ಮೆ ಓಂಕಾರಮೂರ್ತಿ ಇಸ್ತ್ರಿ ಅಂಗಿ ತೊಟ್ಟು, ಚೀಲ ಹಿಡಿದು, ತರೀಕೆರೆಗೆ ಹೋಗಿ ಬರುತ್ತೇನವ್ವಾ ಎಂದು ಹೇಳಿ ಹೊರಡುತ್ತಿದ್ದ. ಮೊದಲು ಶಾಲೆಯಲ್ಲೇ ಕೂತು ಬರುತ್ತಿದ್ದ. ಆಮೇಲೆ ನಿಜವಾಗಿಯೂ ಬಸ್ಸು ಹತ್ತಿ ಹೋಗಿ, ಕಚೇರಿಯ ಜಗಲಿಯ ಮೇಲೆ ಸುಮ್ಮನೆ ಒಂದಿಷ್ಟು ಹೊತ್ತು ಕೂತು ಬರತೊಡಗಿದ. ಸುಳ್ಳಿಗೂ ಬಸ್ಸಿನ ಧೂಳು ಬೇಕೆನ್ನಿಸುತ್ತಿತ್ತು. ಅವ್ವನ ಬೆನ್ನಿನಲ್ಲಿ ಹುಣ್ಣುಗಳೆದ್ದವು. ಮೈ ಕುಗ್ಗಿ ಮಂಚದ ಅರ್ಧದಷ್ಟಾಯಿತು, ಉಗುರು ಮಾತ್ರ ಬೆಳೆಯುತ್ತಿತ್ತು. ನೋವಿಗೆ ನರಳುತ್ತಿರಲಿಲ್ಲ, ಕಾಯುವವರ ಹಾಗೆ ಬಾಗಿಲ ಕಡೆ ನೋಡುತ್ತಿದ್ದರು. ನೋಡಲು ಬರುವ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಒಂದು ದಿನ ಹುಣ್ಣು ತೊಳೆದು ಹೊರಗೆ ಬಂದ ಮಲ್ಲಿಕಾಂಬ ಹಿತ್ತಲಲ್ಲಿ ಅವನ ಮುಂದೆ ನಿಂತಳು.

"ಹೇಳ್ಬಿಡಿ ಅಂದ್ರೆ. ಕೈಮುಗೀತೀನಿ. ನೀವು ಇಟ್ಕಂಡಿರೋದು ಅವರಿಗೋಸ್ಕರ ಅಲ್ಲ."

ಅವಳೇ ಹೇಳಿಬಿಡಬಹುದಿತ್ತು. ಆದರೆ ಅದು ಮಗನ ಬಾಯಿಂದ ಬರಬೇಕಾದ ಮಾತೆಂದು ಅವಳೂ ನಂಬಿದ್ದಳು.

ಎಂಬತ್ತರ ಜ್ಯೇಷ್ಠದಲ್ಲಿ, ಅವನು ತರೀಕೆರೆಯ ಜಗಲಿಯ ಮೇಲೆ ಕೂತಿದ್ದ ಹೊತ್ತಿನಲ್ಲಿ ತೀರ್ಥಮ್ಮನ ಉಸಿರು ನಿಂತಿತು. ಪತ್ರವಾಗಿ ಹದಿನಾಲ್ಕು ತಿಂಗಳಾಗಿತ್ತು. ಮಠದ ಅಯ್ಯನವರು ಬಂದು ನಡೆಸಬೇಕಾದದ್ದನ್ನೆಲ್ಲ ನಡೆಸಿದರು. ಯಾರೂ ನಕ್ಷತ್ರ ಕೇಳಲಿಲ್ಲ, ಬಾಗಿಲು ಹಾಕುವ ಮಾತೆತ್ತಲಿಲ್ಲ. ಎರಡು ವರ್ಷದ ಸಾವು ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಊರು ಕೈ ತೊಳೆದುಕೊಂಡಿತು. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು.

ಹನ್ನೆರಡನೆಯ ದಿನ ಮಧ್ಯಾಹ್ನ ಓಂಕಾರಮೂರ್ತಿ ಶಾಲೆಯಿಂದ ಬೇಗ ಬಂದು, ಚಪ್ಪಲಿ ಬಿಟ್ಟು, ನಡುಮನೆಗೆ ಕಾಲಿಟ್ಟ. ನೆಲದ ಮೇಲೆ ಬಿಸಿಲಿನ ಚೌಕ ಬಿದ್ದಿತ್ತು. ಅದರ ಆಚೆಯಿಂದ, ಮಂಚವಿದ್ದ ಜಾಗದಿಂದ, ಮಂಚದಷ್ಟೇ ಎತ್ತರದಿಂದ ಮಾತು ಬಂತು. ಎಂದಿನ ದನಿ, ಎಂದಿನ ಮಾತು.

"ಪತ್ರ ಆಯ್ತೇನೋ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಾಗಿಲಲ್ಲಿ ಮಲ್ಲಿಕಾಂಬ ಕಾಣಿಸಿಕೊಂಡಳು. ಅವಳು ಆ ಮಾತನ್ನು ಇದೇ ಮೊದಲ ಸಲ ಕೇಳುತ್ತಿಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಈಗಲಾದರೂ ಹೇಳಿ ಎಂಬಂತೆ ಅವಳು ಎರಡೂ ಕೈ ಜೋಡಿಸಿದಳು. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೇಳಿದರೆ ಅವ್ವ ಹೊರಡುತ್ತಾರೆ.

ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿದ. ಗೋಡೆ ಸವರಿಕೊಂಡು ಹೋಗಿ ಕೈಕಾಲು ತೊಳೆದು ಬಂದ. ಚೌಕದ ಈಚೆಗೆ ಕಂಬಕ್ಕೆ ಒರಗಿ ಕೂತು, ಇನ್ನೊಂದು ರುಜು ಬಾಕಿ ಐತೆ ಅವ್ವಾ ಎಂದ.

ಮಲ್ಲಿಕಾಂಬ ಮಾರನೆಯ ತಿಂಗಳು ತವರಿಗೆ ಹೋದಳು. ಓಂಕಾರಮೂರ್ತಿ ಆ ಮನೆಯಲ್ಲಿ ಇನ್ನೂ ಎಂಟು ವರ್ಷವಿದ್ದ. ದಿನಾ ಮಧ್ಯಾಹ್ನ ಅವ್ವನ ಜೊತೆ ಶಾಲೆಯ ಸುದ್ದಿ, ಸಿಂಗಟಗೆರೆಯ ಸುದ್ದಿ, ಬಸ್ಸಿನ ಸುದ್ದಿ ಎಲ್ಲವನ್ನೂ ಮಾತಾಡುತ್ತಿದ್ದ. ಪತ್ರ ಆಯಿತು ಎಂದು ಮಾತ್ರ ಅವನು ಒಮ್ಮೆಯೂ ಹೇಳಲಿಲ್ಲ.